ಹಾರ್ಪ್ಸಿಕಾರ್ಡ್ ಎಂಬ ಬಟನ್ನು

ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುವ ನನ್ನ ವಿದ್ಯಾರ್ಥಿಯೊಬ್ಬ ಮೊನ್ನೆ ಅದನ್ನು ಶಾಲೆಗೇ ಹೊತ್ತು ತಂದಿದ್ದ. ಒಂದು ಬಟನ್ ಒತ್ತಿದ. ಪಿಯಾನೊ ಸದ್ದು ಹೋಗಿ ತಂತಿ ಮೀಟಿದಂಥ ಟಿಣ್ ಟಿಣ್ ಶುರುವಾಯಿತು. ‘ಸಾರ್, ಇದ್ರಲ್ಲಿ ಹಾರ್ಪ್ಸಿಕಾರ್ಡ್ ಅಂತ ಬರ್ತದೆ. ಹಂಗಂದ್ರೇನು?’ ಆ ವಾದ್ಯವನ್ನು ನಾನು ಕಣ್ಣಾರೆ ಕಂಡವನಲ್ಲ. ಆದರೆ ವಿಜ್ಞಾನದ ಮೇಷ್ಟ್ರು ಸುಮ್ಮನಿದ್ದರೆ ಮರ್ಯಾದೆ ಉಳಿದೀತೆ?

ಬೋರ್ಡಿನ ಮೇಲೆ ಚಿತ್ರ ಬರೆದೆ. ಕೀಲಿ ಒತ್ತಿದರೆ ಒಳಗೊಂದು ಕಡ್ಡಿ ಮೇಲೇಳುತ್ತದೆ. ಅದಕ್ಕೆ ಸಿಕ್ಕಿಸಿದ ಹಕ್ಕಿಗರಿಯ ಚೂರು ತಂತಿಯನ್ನು ಮೀಟುತ್ತದೆ. ವೀಣೆಯಲ್ಲಿ ಬೆರಳು ಮಾಡುವ ಕೆಲಸವೇ. ಆದರೆ ತಂತಿ ಎಳೆದು ಗಮಕ ಹೊರಡಿಸುವಂತಿಲ್ಲ, ಎಷ್ಟು ಜೋರಾಗಿ ಒತ್ತಿದರೂ ಸದ್ದು ಹೆಚ್ಚುಕಡಿಮೆ ಅಷ್ಟೇ. 1700ರ ಸುಮಾರಿಗೆ ಇಟಲಿಯ ಕ್ರಿಸ್ಟೊಫೊರಿ ಮೀಟುವ ಬದಲು ಪುಟ್ಟ ಸುತ್ತಿಗೆಯಿಂದ ಬಡಿಯುವ ಏರ್ಪಾಡು ಮಾಡಿದ. ಪಿಯಾನೊ ಹುಟ್ಟಿತು, ಹಳೆಯದು ಕ್ರಮೇಣ ಮೂಲೆ ಸೇರಿತು.

ಅದನ್ನು ಮೂಲೆಯಿಂದ ಈಚೆಗೆ ತಂದವರಲ್ಲಿ ಹಾಲೆಂಡಿನ ಗುಸ್ಟಾವ್ ಲಿಯೊನ್‌ಹಾರ್ಟ್ (1928–2012) ಒಬ್ಬರು. ನಿರ್ದೇಶನ ಕಲಿಯಲು ವಿಯೆನ್ನಾಕ್ಕೆ ಹೋಗಿ, ಗ್ರಂಥಾಲಯದಲ್ಲಿ ಹಳೆಯ ಸ್ವರಲಿಪಿಗಳನ್ನು ದಿನಗಟ್ಟಲೆ ಕೈಯಲ್ಲೇ ನಕಲು ಮಾಡುತ್ತ ಕೂತರಂತೆ. 1950ರಲ್ಲಿ ಅಲ್ಲೇ ಮೊದಲ ಕಛೇರಿ. ಬಾಖ್ ಕಾಲದಲ್ಲಿ ವಾದ್ಯದ ಮುಂದೆ ಕೂತವನೇ ತಲೆಯಾಡಿಸಿ, ಕೈಸನ್ನೆ ಮಾಡಿ ಮೇಳವನ್ನೂ ನಡೆಸುವುದಿತ್ತು. ಇವರೂ ಹಾಗೆಯೇ ನಡೆಸಿದರು. 1971ರಿಂದ ಸುಮಾರು ಎರಡು ದಶಕ, ಗೆಳೆಯ ಹಾರ್ನೊನ್‌ಕೂರ್ ಜೊತೆ ಬಾಖ್‌ನ ಇನ್ನೂರರಷ್ಟು ಚರ್ಚ್ ಕೃತಿಗಳನ್ನು ರೆಕಾರ್ಡ್ ಮಾಡಿದರು. ಕೊನೆಯ ಕಛೇರಿ 2011ರ ಡಿಸೆಂಬರಿನಲ್ಲಿ, ಮರುತಿಂಗಳೇ ತೀರಿಕೊಂಡರು.

ಅದೇ ಸಂಜೆ ಹುಡುಗನ ಅಪ್ಪ ಸಿಕ್ಕಿದರು. ಹೊಗೆಸೊಪ್ಪಿನ ಬೇಸಾಯಗಾರರು. ‘ಮೇಷ್ಟ್ರೇ, ನೀವೇ ಬುದ್ಧಿ ಹೇಳಿ. ಸೈನ್ಸ್ ತಗಳಲ್ಲ, ಇದನ್ನೇ ಕಲೀತೀನಿ ಅಂತಾನೆ. ಇದು ಹೊಟ್ಟೆಗೆ ಹಿಟ್ಟು ಕೊಡ್ತದಾ?’

ಹಿಟ್ಟಿನ ಚಿಂತೆಯೇ ಇಲ್ಲದವರೊಬ್ಬರು ನೆನಪಾದರು. 1919ರಲ್ಲಿ ಹುಟ್ಟಿದ ನಮ್ಮ ಜಯಚಾಮರಾಜ ಒಡೆಯರ್. ಅವರಿಗೆ ಪಿಯಾನೊ ವಾದಕರಾಗುವ ಆಸೆಯಿತ್ತು. 1940ರ ಮಾರ್ಚಿನಲ್ಲಿ ತಂದೆ ಯುವರಾಜರು ಹೋದರು, ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿಯವರು. ಇಪ್ಪತ್ತೊಂದರ ಹುಡುಗನಿಗೆ ಸಿಂಹಾಸನ. ಪಿಯಾನೊ ಅರಮನೆಯಲ್ಲೇ ಉಳಿಯಿತು, ವಾದಕ ಹೊರಗೆ ಬರಲಿಲ್ಲ. ಬದಲಿಗೆ ಬೇರೆಯವರು ನುಡಿಸಲೆಂದು ಹಣ ಕೊಟ್ಟರು: ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯದ ಸಂಗೀತಕಾರ ಮೆಟ್ನರ್ ತಮ್ಮ ಕೃತಿಗಳನ್ನು ರೆಕಾರ್ಡ್ ಮಾಡಿದ್ದು ಮೈಸೂರಿನ ಹಣದಿಂದ. 1949ರಲ್ಲಿ ಮೈಸೂರಿಗೆ ಬಂದ ವಾಲ್ಟರ್ ಲೆಗ್‌ಗೆ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕಾಗಿ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಡಲು ಒಪ್ಪಿದರು. ಲಿಯೊನ್‌ಹಾರ್ಟ್ ಮೊದಲ ಕಛೇರಿ ಮಾಡಿದ ಆ 1950ರ ಮೇ 22ರಂದೇ, ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿಗೆ ಕೇಳಿಸಿದ್ದೂ ಮಹಾರಾಜರ ಬೆಂಬಲದಿಂದಲೇ. ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತು ಮುಂದೆ 94 ಕೃತಿಗಳನ್ನು ರಚಿಸಿದರು, ನಿಜ. ಆದರೂ ಆ ಪಿಯಾನೊದ ಮಾತು ಬಂದಾಗ ನನಗೆ ಹೊಟ್ಟೆಯಲ್ಲಿ ಏನೋ ಚುರುಕ್ ಎನ್ನುತ್ತದೆ.

ಆ ಅಪ್ಪನಿಗೆ ಇಷ್ಟೂ ಹೇಳಿ, ‘ನಿಮ್ಮ ಮಗನ ತಲೆ ಮೇಲೆ ಸಿಂಹಾಸನವೇನಿಲ್ಲವಲ್ಲ. ಎಸ್ಸೆಸ್ಸೆಲ್ಸಿ ಮುಗಿಸಲಿ, ಸೈನ್ಸ್ ಬೇಡ ಅಂದ್ರೆ ಬಿಡಲಿ. ಮೈಸೂರಲ್ಲೇ ಸಂಗೀತ ವಿಶ್ವವಿದ್ಯಾಲಯ ಇದೆ, ಒಮ್ಮೆ ಕರಕೊಂಡು ಹೋಗಿ ವಿಚಾರಿಸಿ’ ಎಂದೆ. ವಿಜ್ಞಾನದ ಮೇಷ್ಟ್ರ ಬಾಯಲ್ಲಿ ಈ ಮಾತು ಬಂದದ್ದು ಅವರಿಗೆ ರುಚಿಸಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

‘ಆ ಹಾಲೆಂಡಿನೋರು ಜೀವನಕ್ಕೆ ಏನ್ ಮಾಡ್ತಿದ್ರು ಸಾರ್?’

‘ಆಮ್‌ಸ್ಟರ್‌ಡಾಮಿನಲ್ಲಿ ಸಂಗೀತದ ಮೇಷ್ಟ್ರೂ ಆಗಿದ್ದರು’ ಎಂದೆ.

ಮುಖ ಕೊಂಚ ಸಡಿಲವಾದಂತೆ ಕಂಡಿತು. ಬ್ಯಾರನ್ನಿನ ಬೆಂಕಿ ನೋಡಿಕೊಳ್ಳಬೇಕೆಂದು ಎದ್ದು ಹೊರಟರು.