ಕೊಟ್ಟಿಗೆಯ ಕಾರಿಗೂ ಒಂದು ತೀರ್ಮಾನ ಬೇಕು

ಮಂಜೇಶ್ವರದಿಂದ ಮುಳ್ಳೇರಿಯದ ತನಕ ಯಾವ ಊರಿಗೆ ಹೋದರೂ ಈ ನೋಟ ಹೊಸತಲ್ಲ. ಅಡಕೆ ಒಣಗಿಸುವ ಅಂಗಳದ ಕೊನೆಯಲ್ಲೋ, ಕೊಟ್ಟಿಗೆಯ ಮಗ್ಗುಲಲ್ಲೋ ಹರಿದ ಟರ್ಪಾಲಿನಡಿ ಒಂದು ಹಳೇ ಕಾರು. ಕೆಲವೆಡೆ ಅಂಬಾಸಿಡರ್, ಕೆಲವೆಡೆ ಪ್ರೀಮಿಯರ್ ಪದ್ಮಿನಿ, ಹೆಚ್ಚಿನ ಕಡೆ ಮಾರುತಿ 800. ಅಡಕೆಗೆ ರೇಟು ಬಂದ ವರ್ಷ ಕೊಂಡದ್ದು. ಯಜಮಾನರು ತೀರಿಹೋದ ಮೇಲೆ, ಇಲ್ಲವೇ ಮಕ್ಕಳು ಬೆಂಗಳೂರಿಗೆ ಹೋದ ಮೇಲೆ ನಿಂತದ್ದು ಮತ್ತೆ ಕದಲಿಲ್ಲ. ಕೇಳಿದರೆ ಒಂದೇ ಉತ್ತರ: "ಹದಿನೈದು ವರ್ಷ ಆಯ್ತಲ್ಲ, ಇನ್ನು ಗುಜರಿಗೇ ಮಾರಾಯ್ರೇ."

ಈ ಮಾತು ಅರ್ಧ ಮಾತ್ರ ನಿಜ. ಮೋಟಾರು ವಾಹನ ಕಾಯ್ದೆಯಂತೆ ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಆಯುಷ್ಯ. ಮುಗಿದದ್ದು ನೋಂದಣಿಯ ಆಯುಷ್ಯ, ಕಾರಿನದ್ದಲ್ಲ. ತಪಾಸಣೆಯಲ್ಲಿ ಪಾಸಾದರೆ 5 ವರ್ಷಕ್ಕೆ ನವೀಕರಿಸಬಹುದು, ಆಮೇಲೆ ಮತ್ತೂ 5 ವರ್ಷಕ್ಕೆ. ಹದಿನೈದು ವರ್ಷದ ಪೆಟ್ರೋಲು ಗಾಡಿ, ಹತ್ತು ವರ್ಷದ ಡೀಸೆಲ್ ಗಾಡಿಗಳ ನಿರ್ಬಂಧದ ಸುದ್ದಿ ದೆಹಲಿ ಆಸುಪಾಸಿನದ್ದು. ಅದನ್ನು ಟಿವಿಯಲ್ಲಿ ನೋಡಿ ಬದಿಯಡ್ಕದಲ್ಲಿ ಕಾರು ತೂಕಕ್ಕೆ ಹಾಕುವುದು ಬೇಡ.

ಹಾಗಂತ ಎಲ್ಲ ಕಾರನ್ನೂ ರಸ್ತೆಗೆ ಇಳಿಸಬೇಕು ಎಂಬುದು ಈ ಬರಹದ ವಾದವಲ್ಲ. ಓಡಿಸುವುದಾದರೆ ಸರಿಯಾಗಿ ಓಡಿಸಿ, ಬಿಡುವುದಾದರೆ ಸರಿಯಾಗಿ ಬಿಡಿ. ಎರಡೂ ಇಲ್ಲದೆ ಮಳೆಗೆ ಕೊಳೆಯಲು ಬಿಡುವುದೇ ಎಲ್ಲಕ್ಕಿಂತ ದೊಡ್ಡ ನಷ್ಟ.

ಮೊದಲು ಕಾಗದ, ಆಮೇಲೆ ಸ್ಪ್ಯಾನರು

ನಮ್ಮವರು ಮೊದಲು ಮೆಕ್ಯಾನಿಕ್‌ನನ್ನು ಕರೆಯುತ್ತಾರೆ. ಮೊದಲು ತೆಗೆಯಬೇಕಾದದ್ದು ಆರ್‌ಸಿ. ಗಡಿನಾಡಿನಲ್ಲಂತೂ ಇದು ಮುಖ್ಯ. ಕೆಲವರ ಕಾರಿಗೆ ಕೆಎಲ್-14, ಇನ್ನು ಕೆಲವರದ್ದಕ್ಕೆ ಮಂಗಳೂರಿನ ಕೆಎ-19 ಅಥವಾ ಪುತ್ತೂರಿನ ಕೆಎ-21. ಕರ್ನಾಟಕದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕೇರಳದಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರು ಪಡೆಯಬೇಕೆಂಬುದು ಕಾನೂನು. ಅದಕ್ಕೆ ಅಲ್ಲಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. ತಲಪಾಡಿಯ ಆಚೆ ಒಂದು ಕಚೇರಿ, ಈಚೆ ಇನ್ನೊಂದು. ಎರಡರ ನಡುವೆ ಕಾಗದ ಓಡಾಡುವಷ್ಟರಲ್ಲಿ ಉತ್ಸಾಹ ಇಳಿದೇ ಹೋಗುತ್ತದೆ.

ಆರ್‌ಸಿಯಲ್ಲಿರುವ ಯಜಮಾನರು ತೀರಿಹೋಗಿದ್ದರೆ ವಾರಸುದಾರರ ಹೆಸರಿಗೆ ಬದಲಾಯಿಸಬೇಕು. ಇದಕ್ಕೆ 31ನೇ ನಮೂನೆಯ ಅರ್ಜಿ. ನಾಲ್ವರು ಮಕ್ಕಳಿದ್ದು ಒಬ್ಬ ದುಬೈಯಲ್ಲಿ, ಒಬ್ಬಳು ಪುಣೆಯಲ್ಲಿ ಇದ್ದರೆ ಒಪ್ಪಿಗೆ ಪತ್ರ ಒಟ್ಟು ಮಾಡುವುದೇ ದೊಡ್ಡ ಕೆಲಸ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರುವುದೂ ಉಂಟು. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. ಸಿಂಡಿಕೇಟ್ ಬ್ಯಾಂಕು ಕೆನರಾದೊಳಗೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೆ 2020ರಲ್ಲಿ ಸೇರಿದವು. ಸಾಲ ಮುಕ್ತಾಯದ ಪತ್ರವನ್ನು ಈಗ ಆ ಬ್ಯಾಂಕುಗಳಲ್ಲಿ ಕೇಳಬೇಕು. ಇಷ್ಟೂ ಆಗುವಂಥದ್ದೇ ಎಂದು ಗೊತ್ತಾದ ಮೇಲೆಯೇ ಗ್ಯಾರೇಜಿಗೆ ದುಡ್ಡು ಸುರಿಯಿರಿ.

ಸ್ಟಾರ್ಟ್ ಆಗುವುದಲ್ಲ, ನಿಲ್ಲುವುದು ಮುಖ್ಯ

ಹೊಸ ಬ್ಯಾಟರಿ ತಂದು ಕೀಲಿ ತಿರುಗಿಸಿ "ಆಹಾ, ಸ್ಟಾರ್ಟ್ ಆಯ್ತು" ಎನ್ನುವವರೇ ಹೆಚ್ಚು. ಹತ್ತು ವರ್ಷ ನಿಂತ ಎಂಜಿನಿಗೆ ಇದರಷ್ಟು ಪೆಟ್ಟು ಬೇರೆ ಇಲ್ಲ. ಸಿಲಿಂಡರಿನ ಗೋಡೆಗೆ ಎಣ್ಣೆಯ ಪಸೆ ಇರುವುದಿಲ್ಲ, ಪಿಸ್ಟನ್ ರಿಂಗು ತುಕ್ಕಿಗೆ ಹಿಡಿದಿರುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು, ಒಂದು ದಿನ ಕಳೆದು ಕೈಯಿಂದ ನಿಧಾನಕ್ಕೆ ತಿರುಗಿಸಬೇಕು. ಸಲೀಸಾಗಿ ತಿರುಗಿದರೆ ಮಾತ್ರ ಮುಂದಿನ ಮಾತು. ಮಾರುತಿ 800ಕ್ಕೆ ಟೈಮಿಂಗ್ ಬೆಲ್ಟ್ ಉಂಟು. ಅದು ರಬ್ಬರಿನದ್ದು. ಸ್ಟಾರ್ಟ್ ಮಾಡುವ ಮೊದಲೇ ಬದಲಿಸುವುದು ಕ್ಷೇಮ.

ಟ್ಯಾಂಕಿನ ಹಳೇ ಪೆಟ್ರೋಲನ್ನು ಪೂರ್ತಿ ತೆಗೆಯಬೇಕು, ಟ್ಯಾಂಕು ಬಿಚ್ಚಿ ತುಕ್ಕು ತೊಳೆಯಬೇಕು. ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲು. ಕಾರ್ಬುರೇಟರ್ ಕಾಲದ ಗಾಡಿಯ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಾಮು ಇದಕ್ಕೆಂದು ಮಾಡಿದವಲ್ಲ, ಉಬ್ಬುತ್ತವೆ, ಬಿರಿಯುತ್ತವೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನಮ್ಮ ಕರಾವಳಿಯ ಹವೆಯಲ್ಲಿ ತಿಂಗಳುಗಟ್ಟಲೆ ನಿಂತ ಟ್ಯಾಂಕಿನ ಗತಿ ಏನೆಂದು ಹೇಳಬೇಕಾಗಿಲ್ಲ. ಪೈಪುಗಳನ್ನು ಈಗಿನ ಪೆಟ್ರೋಲಿಗೆ ತಾಳುವಂಥದ್ದಕ್ಕೆ ಬದಲಿಸಿ. ಕಾರನ್ನು ಆಗಾಗ ಓಡಿಸಿ.

ಎಲ್ಲಕ್ಕಿಂತ ಮೊದಲ ಖರ್ಚು ಬ್ರೇಕಿಗೆ ಹೋಗಬೇಕು. ಬ್ರೇಕ್ ಆಯಿಲೂ ತೇವ ಹೀರುತ್ತದೆ. ಚಕ್ರದ ಒಳಗಿನ ಸಿಲಿಂಡರು ತುಕ್ಕು ಹಿಡಿದು ಬಿಗಿಯಾಗಿರುತ್ತದೆ, ಹೋಸು ಒಳಗಿಂದಲೇ ಊದಿಕೊಂಡಿರುತ್ತದೆ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗದು. ಟಯರಿನಲ್ಲಿ ಬಟನ್ ಉಂಟು ಎಂದು ಮೋಸ ಹೋಗಬೇಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 3512 ಎಂದಿದ್ದರೆ 2012ರ 35ನೇ ವಾರದಲ್ಲಿ ತಯಾರಾದದ್ದು. ಅಂಥ ಟಯರು ತೆಂಗಿನ ಬುಡಕ್ಕೆ ಕಟ್ಟೆ ಮಾಡಲು ಸರಿ, ರಸ್ತೆಗಲ್ಲ.

ತಲಪಾಡಿಯಿಂದ ಚೆಂಗಳದ ವರೆಗೆ ಈಗ ಆರು ಪಥದ ಹೆದ್ದಾರಿ. ಪದ್ಮಿನಿಯಂಥ ಗಾಡಿಗೆ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಹಿಂದಿನಿಂದ ನೂರರ ವೇಗದಲ್ಲಿ ಬರುವವನಿಗೆ ನಮ್ಮ ಕಾರಿನ ಮೇಲಿನ ಪ್ರೀತಿ ಗೊತ್ತಿರುವುದಿಲ್ಲ. ಪೈಂಟಿಗೆ ಐವತ್ತು ಸಾವಿರ ಹಾಕಿ ಬ್ರೇಕಿಗೆ ಐದು ಸಾವಿರ ಉಳಿಸುವವರು ತಮ್ಮ ಜೀವದ ಜತೆ ಇನ್ನೊಬ್ಬರ ಜೀವವನ್ನೂ ಪಣಕ್ಕಿಡುತ್ತಾರೆ.

ಇನ್ನು ತಗಡು. ಎಂಜಿನ್ ರಿಪೇರಿಗೆ ಲೆಕ್ಕ ಉಂಟು, ತುಕ್ಕಿಗೆ ಲೆಕ್ಕ ಇಲ್ಲ. ಕಾರನ್ನು ಎತ್ತಿಸಿ ಅಡಿಯಿಂದ ನೋಡಿ. ಬಾಗಿಲು, ಬಾನೆಟ್ ತೂತಾದರೆ ಚಿಂತಿಲ್ಲ. ಅಡಿಯ ಬೀಮು, ಸಸ್ಪೆನ್ಷನ್ ಕೂರುವ ಜಾಗ ತಿಂದುಹೋಗಿದ್ದರೆ ಅಲ್ಲಿಗೇ ಕೈಬಿಡುವುದು ಬುದ್ಧಿವಂತಿಕೆ. ಚಾಸಿ ನಂಬರಿನ ಮೇಲೆ ವೆಲ್ಡಿಂಗ್ ಆಗದಂತೆ ನೋಡಿಕೊಳ್ಳಿ. ತಪಾಸಣೆಯಲ್ಲಿ ಅದು ಓದುವ ಹಾಗಿರಬೇಕು. ಮಾರುತಿ 800ರ ತಯಾರಿ 2014ರ ತನಕ ಇದ್ದ ಕಾರಣ ಬಿಡಿಭಾಗಕ್ಕೆ ತೊಂದರೆ ಕಡಿಮೆ. ಪದ್ಮಿನಿಯ ತಯಾರಿ ನಿಂತು ಎರಡು ದಶಕ ದಾಟಿದೆ. ಹುಡುಕಾಟಕ್ಕೆ ತಾಳ್ಮೆ ಬೇಕು.

ಶುಲ್ಕದ ಲೆಕ್ಕ ನ್ಯಾಯವೇ?

ಸರಕಾರದ ಜತೆ ನಮ್ಮ ತಕರಾರು ಇರುವುದು ಇಲ್ಲಿ. ಹಳೇ ಕಾರಿನ ನೋಂದಣಿ ನವೀಕರಣಕ್ಕೆ 2022ರ ಎಪ್ರಿಲ್ ತನಕ ಇದ್ದದ್ದು 600 ರೂಪಾಯಿ. ಅದು 5,000 ಆಯಿತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ 20 ವರ್ಷ ದಾಟಿದ ಕಾರಿಗೆ ಅದನ್ನು 10,000ಕ್ಕೆ ಏರಿಸಿ ಅಧಿಸೂಚನೆ ಹೊರಡಿಸಿತು. ಕೇರಳ ಸರಕಾರ 2025ರ ಬಜೆಟ್‌ನಲ್ಲಿ 15 ವರ್ಷ ದಾಟಿದ ಖಾಸಗಿ ವಾಹನಗಳ ತೆರಿಗೆಯನ್ನು ಶೇ. 50 ಹೆಚ್ಚಿಸಿತು. 750 ಕಿಲೋ ಒಳಗಿನ ಕಾರಿಗೆ ಐದು ವರ್ಷಕ್ಕೆ 6,400 ಇದ್ದದ್ದು 9,600 ಆಯಿತು. ಇದರ ಮೇಲೆ ನವೀಕರಣ ತಡವಾದರೆ ತಿಂಗಳಿಗೆ 500 ರೂಪಾಯಿ ಎಂಬ ನಿಯಮ. ಮೂರು ವರ್ಷ ತಡವಾದರೆ 18,000. ಕಾರಿಗೇ ಅಷ್ಟು ಬೆಲೆ ಇಲ್ಲ!

ಹೊಗೆ ಕಾರುವ ಗಾಡಿ ರಸ್ತೆಯಲ್ಲಿ ಇರಬಾರದು, ಒಪ್ಪೋಣ. ಆದರೆ ಅದನ್ನು ತೀರ್ಮಾನಿಸಬೇಕಾದದ್ದು ತಪಾಸಣೆ. ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಓಡುವ, ಹೊಗೆ ಪರೀಕ್ಷೆಯಲ್ಲಿ ಪಾಸಾಗುವ ಗಾಡಿಗೂ ಪ್ರಾಯ ನೋಡಿ ದಂಡ ಹಾಕುವುದು ಯಾವ ನ್ಯಾಯ? ಕೇರಳದ ತೆರಿಗೆ ನಿಯಮದಲ್ಲಿ ಓಡಿಸದ ಗಾಡಿಗೆ 'ಜಿ ಫಾರ್ಮ್' ಕೊಟ್ಟು ತೆರಿಗೆ ವಿನಾಯಿತಿ ಕೇಳುವ ದಾರಿ ಉಂಟು. ಅಂದರೆ ಗಾಡಿ ಸುಮ್ಮನೆ ನಿಂತಿರಬಹುದು ಎಂಬುದನ್ನು ತೆರಿಗೆಯ ನಿಯಮ ಒಪ್ಪುತ್ತದೆ. ನೋಂದಣಿಯ ದಂಡ ಮಾತ್ರ ಯಾಕೆ ಒಪ್ಪಬಾರದು? ರಸ್ತೆಗೆ ಇಳಿಯದ ಗಾಡಿಯಿಂದ ರಸ್ತೆಗೂ ಇಲ್ಲ, ಗಾಳಿಗೂ ಇಲ್ಲ ಹಾನಿ. ನಿಲ್ಲಿಸಿದ್ದೇವೆ ಎಂದು ಮೊದಲೇ ತಿಳಿಸಿದವರಿಗೆ ತಡದ ದಂಡ ಮನ್ನಾ ಮಾಡಲಿ.

ಇದು ಶೋಕಿಯ ಪ್ರಶ್ನೆ ಎಂದು ತಳ್ಳಿಹಾಕಬೇಡಿ. ಸಂಜೆಯ ಕೊನೇ ಬಸ್ಸು ಹೋದ ಮೇಲೆ ಒಳಹಳ್ಳಿಯಲ್ಲಿ ಎದೆನೋವು ಬಂದರೆ ಮಂಗಳೂರಿಗೆ ಒಯ್ಯಲು ಮನೆಯ ಹಳೇ ಕಾರೇ ಗತಿ. ಹೊಸ ಕಾರಿಗೆ ನಾಲ್ಕೈದು ಲಕ್ಷ ಇಲ್ಲದ ಸಣ್ಣ ಕೃಷಿಕನಿಗೆ ಅದು ಆಸ್ತಿ, ಧೈರ್ಯ ಎರಡೂ.

ಬಿಡುವುದಾದರೆ?

ತುಕ್ಕು ತಿಂದ ಗಾಡಿಯನ್ನು ಮನೆಬಾಗಿಲಿಗೆ ಬರುವ ಗುಜರಿಯವನಿಗೆ ಕೊಟ್ಟು ಕೈತೊಳೆದುಕೊಳ್ಳಬೇಡಿ. ಆರ್‌ಸಿ ರದ್ದಾಗದಿದ್ದರೆ ದಾಖಲೆಯಲ್ಲಿ ಮಾಲೀಕರು ನೀವೇ. ಆ ನಂಬರು ನಾಳೆ ಯಾವ ಗಾಡಿಯ ಮೇಲೆ ಕಾಣಿಸಿಕೊಂಡೀತೋ! ನೋಂದಾಯಿತ ಗುಜರಿ ಕೇಂದ್ರಕ್ಕೇ ಕೊಡಿ, ಪ್ರಮಾಣಪತ್ರ ಪಡೆಯಿರಿ. ಹೊಸ ಗಾಡಿ ಕೊಳ್ಳುವಾಗ ತೆರಿಗೆ ರಿಯಾಯಿತಿಗೂ ಅದು ಬೇಕಾಗುತ್ತದೆ.

ಕಾರ್ಬುರೇಟರನ್ನು ಕಿವಿಯಿಂದಲೇ ಟ್ಯೂನ್ ಮಾಡುವ ಮೇಸ್ತ್ರಿಗಳು ಕುಂಬಳೆ, ಉಪ್ಪಳ, ಪೆರ್ಲದಲ್ಲಿ ಇನ್ನೂ ಇದ್ದಾರೆ. ಅವರಿಗೂ ಪ್ರಾಯವಾಯಿತು. ಕಂಪ್ಯೂಟರ್ ಹಚ್ಚಿ ನೋಡುವ ಹುಡುಗರಿಗೆ ಆ ವಿದ್ಯೆ ಬೇಕಾಗಿಲ್ಲ. ಇನ್ನೈದು ವರ್ಷ ಬಿಟ್ಟು ಟರ್ಪಾಲು ತೆಗೆದರೆ ಕಾರು ಸಿಕ್ಕೀತು, ರಿಪೇರಿ ಮಾಡುವ ಕೈ ಸಿಗಲಾರದು. ಆದ್ದರಿಂದ ಬರುವ ಮಳೆಗಾಲಕ್ಕೆ ಮೊದಲು ಮನೆಮಂದಿ ಒಟ್ಟಿಗೆ ಕುಳಿತು ಒಂದು ತೀರ್ಮಾನ ಮಾಡಿ. ರಸ್ತೆಗೋ, ಗುಜರಿಗೋ? ಇನ್ನೊಂದು ಮಳೆಗೆ ಮಾತ್ರ ಬಿಡಬೇಡಿ.