ನಮ್ಮ ಮೋಟರ್ ರೀಲ್ಸ್ ನೋಡೋದಿಲ್ಲ

ಕಳೆದ ಸೆಮಿಸ್ಟರಿನಲ್ಲಿ ಕಾಲೇಜಿನ ಚರ್ಚಾಸ್ಪರ್ಧೆಗೆ ಬಂದ ವಿಷಯ, ಟೆಕ್ ಮತ್ತು ಟೆಲಿಕಾಂ ಕಂಪನಿಗಳ ಮೇಲೆ ಸರ್ಕಾರದ ಹಿಡಿತ ಬೇಕೇ ಬೇಡವೇ ಅಂತ. ನಾವು 'ಬೇಡ' ಅನ್ನೋ ಕಡೆ ಕೂತಿದ್ದೆವು. (ಈ ಬರಹದಲ್ಲಿ ನಾವು ಅಂದರೆ ಒಂದೇ ರೂಮಿನ ಮೂವರು. ಒಬ್ಬನದು ಹುನಗುಂದ ಕಡೆಯ ರಾಮಥಾಳ, ಒಬ್ಬನದು ಇಳಕಲ್, ಇನ್ನೊಬ್ಬನದು ಬಾದಾಮಿ. ಮೂವರೂ ಇಂಗ್ಲಿಷ್ ಮೀಡಿಯಂ, ಒತ್ತಕ್ಷರ ತಪ್ಪಿದ್ದರೆ ಕ್ಷಮಿಸಿ.) 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದಾಗ ನಮಗೆ ಹತ್ತು ವರ್ಷ. ಡೇಟಾ ಅಗ್ಗ ಆಗಿದ್ದು ಪೈಪೋಟಿಯಿಂದ, ಯಾವುದೋ ಕಚೇರಿಯ ಆದೇಶದಿಂದಲ್ಲ ಅಂತ ವಾದ ಮಾಡಿದೆವು. ಚಪ್ಪಾಳೆ ಬಿತ್ತು, ಎರಡನೇ ಬಹುಮಾನವೂ ಬಂತು.

ಆಮೇಲೆ ರಜೆಯಲ್ಲಿ ಮೂವರೂ ರಾಮಥಾಳಕ್ಕೆ ಹೋದೆವು.

ರಾಮಥಾಳದ ಹೆಸರನ್ನು ಸಿವಿಲ್ ಬ್ರಾಂಚಿನವರು ಕೇಳಿರಬಹುದು. ರಾಮಥಾಳ-ಮರೋಳ ಹನಿ ನೀರಾವರಿ ಯೋಜನೆ ಅಂದರೆ ಸುಮಾರು 24,000 ಹೆಕ್ಟೇರಿಗೆ ಪೈಪಿನಲ್ಲಿ ನೀರು ಕೊಡಲು ಮಾಡಿದ್ದು. ಆದರೆ ನಾವು ಹೇಳಲು ಹೊರಟಿರುವುದು ಅದರ ಬಗ್ಗೆ ಅಲ್ಲ. ಕಾಕಾನ ಹೊಲದಲ್ಲಿ ಒಂದು ಬೋರ್‌ವೆಲ್ ಇದೆ, ಮೋಟರಿಗೆ ಒಂದು ಮೊಬೈಲ್ ಸ್ಟಾರ್ಟರ್ ಇದೆ. ಗೊತ್ತಿಲ್ಲದವರಿಗೆ: ಅದೊಂದು ಡಬ್ಬಿ, ಒಳಗೊಂದು ಸಿಮ್. ತ್ರೀ ಫೇಸ್ ಕರೆಂಟ್ ಬಂದರೆ ಡಬ್ಬಿಯೇ ಕಾಕಾನಿಗೆ ಫೋನ್ ಮಾಡುತ್ತದೆ. ಕಾಕಾ ಹಾಸಿಗೆಯಲ್ಲೇ ಮಲಗಿ ಒಂದು ನಂಬರ್ ಒತ್ತಿದರೆ ಮೋಟರ್ ಚಾಲೂ, ಇನ್ನೊಂದು ಒತ್ತಿದರೆ ಬಂದ್. ಕರೆಂಟ್ ರಾತ್ರಿ ಎರಡಕ್ಕೂ ಬರಬಹುದು, ನಸುಕಿನ ನಾಲ್ಕಕ್ಕೂ ಬರಬಹುದು. ಮೊದಲೆಲ್ಲ ಬ್ಯಾಟರಿ ಹಿಡಿದು ಹಾವು-ಚೇಳಿಗೆ ಹೆದರುತ್ತ ಹೊಲಕ್ಕೆ ಹೋಗಬೇಕಿತ್ತು. ನಮ್ಮ ಲ್ಯಾಬಿನ ಯಾವ ಐಓಟಿ ಪ್ರಾಜೆಕ್ಟಿಗಿಂತಲೂ ಹೆಚ್ಚು ಉಪಯೋಗ ಆಗಿರೋ ವಸ್ತು ಇದು.

ನಾವು ಹೋಗುವ ಹಿಂದಿನ ವಾರ ಆ ಸಿಮ್ಮಿನ ವ್ಯಾಲಿಡಿಟಿ ಮುಗಿದಿತ್ತು. ಕಾಕಾನಿಗೆ ನೆನಪಿಲ್ಲ. ಎಚ್ಚರಿಕೆಯ ಎಸ್ಎಂಎಸ್ ಬಂದಿರುತ್ತದೆ, ಬಂದದ್ದು ಡಬ್ಬಿಗೆ! ಓದೋರು ಯಾರು? ಎರಡು ರಾತ್ರಿ ಕರೆಂಟ್ ಬಂದು ಹೋಯಿತು, ಡಬ್ಬಿ ಫೋನ್ ಮಾಡಲಿಲ್ಲ. ಉಳ್ಳಾಗಡ್ಡಿ ಮಡಿಗಳು ಒಣಗಿದ ಮೇಲೆ ಗೊತ್ತಾಯಿತು.

ಕಾಕಾ ನಮ್ಮನ್ನು ಕೂರಿಸಿಕೊಂಡು ಕೇಳಿದರು: "ಅಲ್ಲಪಾ ಇಂಜಿನಿಯರಗೋಳ, ಈ ಮೋಟರಿಗೆ 2 ಜಿಬಿ ಯಾಕ ಬೇಕೋ? ಇದೇನ ರೀಲ್ಸ್ ನೋಡತೈತೇನ?"

ನಕ್ಕೆವು. ಆಮೇಲೆ ಲೆಕ್ಕ ಹಾಕಿದೆವು, ನಗು ನಿಂತಿತು.

2018ರವರೆಗೆ ಒಳಬರುವ ಕರೆಗೆ ರೀಚಾರ್ಜ್ ಅಂತ ಇರಲಿಲ್ಲ. ಸಿಮ್ ಹಾಕಿಟ್ಟರೆ ಆಯಿತು. ಆ ವರ್ಷದ ಕೊನೆಗೆ ಏರ್‌ಟೆಲ್, ವೊಡಾಫೋನ್ ಐಡಿಯಾ 28 ದಿನಕ್ಕೆ ಕನಿಷ್ಠ 35 ರೂಪಾಯಿ ಅಂತ ಶುರು ಮಾಡಿದವು. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ ಏರ್‌ಟೆಲ್‌ನ 28 ದಿನದ ಪ್ಯಾಕ್ 199 ಆಯಿತು, ಜಿಯೋದ್ದು 189. ತಿಂಗಳಿಗೊಂದು ರೀಚಾರ್ಜ್ ಅಂದುಕೊಂಡರೆ ತಪ್ಪು, 28 ದಿನದ ಲೆಕ್ಕದಲ್ಲಿ ವರ್ಷಕ್ಕೆ ಹದಿಮೂರು. ಮೊದಲು ವರ್ಷಕ್ಕೆ 455 ರೂಪಾಯಿ, 2024ರ ಆ 199ರ ಲೆಕ್ಕದಲ್ಲಿ 2,587. ಬರೀ ಒಂದು ಸಿಮ್ ಜೀವಂತ ಇಡೋದಕ್ಕೆ.

ಪೈಪೋಟಿ ಇದೆಯಲ್ಲ, ಬೇರೆ ಕಂಪನಿಗೆ ಹೋಗಿ ಅನ್ನಬಹುದು. ನಾವೇ ವೇದಿಕೆ ಮೇಲೆ ಅಂದಿದ್ದೆವು. ಆದರೆ ಕಾಕಾನ ಡಬ್ಬಿಯೊಳಗೆ ಇರೋದು 2ಜಿ ಮಾಡ್ಯೂಲ್, ಜಿಯೋದ ನೆಟ್‌ವರ್ಕಿನಲ್ಲಿ 2ಜಿಯೇ ಇಲ್ಲ. ಉಳಿದವುಗಳಲ್ಲಿ ಆ ಹೊಲದಲ್ಲಿ ಸರಿಯಾಗಿ ಸಿಗ್ನಲ್ ಬರೋದು ಒಂದಕ್ಕೇ, ಹೆಸರು ಬೇಡ. ಬೆಂಗಳೂರಿನಲ್ಲಿ ಕೂತವನಿಗೆ ಮಾರುಕಟ್ಟೆ ಅಂದರೆ ನಾಲ್ಕು ಅಂಗಡಿ. ಬೋರ್‌ವೆಲ್ ಪಕ್ಕ ನಿಂತವನಿಗೆ ಒಂದೇ ಅಂಗಡಿ.

ಹಾಗಾದರೆ ಸರ್ಕಾರ ಸುಮ್ಮನಿತ್ತೇ? ಇಲ್ಲ, ಅದೇ ಸ್ವಾರಸ್ಯ. ಟೆಲಿಕಾಂ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2024ರ ಡಿಸೆಂಬರ್ 23ರಂದು ಒಂದು ತಿದ್ದುಪಡಿ ತಂತು. ಪ್ರತಿ ಕಂಪನಿಯೂ ಡೇಟಾ ಇಲ್ಲದ, ಬರೀ ಮಾತು ಮತ್ತು ಎಸ್ಎಂಎಸ್ ಇರುವ ಪ್ಯಾಕ್ ಒಂದಾದರೂ ಇಡಲೇಬೇಕು, ಅದರ ಅವಧಿ 365 ದಿನದವರೆಗೂ ಇರಬಹುದು ಅಂತ. ಕಾಕಾನ ಪ್ರಶ್ನೆಯನ್ನು ದೆಹಲಿಯಲ್ಲಿ ಯಾರೋ ಕೇಳಿಸಿಕೊಂಡ ಹಾಗೆ!

2025ರ ಜನವರಿಯಲ್ಲಿ ಪ್ಯಾಕುಗಳು ಬಂದವು. ಏರ್‌ಟೆಲ್ ತನ್ನ 84 ದಿನದ 509 ರೂಪಾಯಿ ಪ್ಯಾಕಿನಿಂದ 6 ಜಿಬಿ ತೆಗೆದು 499 ಅಂತು. ಹತ್ತು ರೂಪಾಯಿ ಕಮ್ಮಿ. ಅದೇ ಡೇಟಾ ನಾವು ಕೊಳ್ಳಲು ಹೋದರೆ ಹತ್ತು ರೂಪಾಯಿಗೆ ಯಾರು ಕೊಡ್ತಾರೆ? ಪ್ಯಾಕುಗಳನ್ನು ಪರಿಶೀಲಿಸುತ್ತೇವೆ ಅಂತ ಟ್ರಾಯ್ ಹೇಳಿದ ಮೇಲೆ ಅದು 469ಕ್ಕೆ ಇಳಿಯಿತು, ಜಿಯೋದ್ದು 458 ಇದ್ದದ್ದು 448. ವರ್ಷದ ಪ್ಯಾಕ್ ಏರ್‌ಟೆಲ್‌ನಲ್ಲಿ 1,849. ಗಮನಿಸಿ, ಬರೀ 'ನೋಡ್ತೀವಿ' ಅಂದಿದ್ದಕ್ಕೇ ಮೂವತ್ತು ರೂಪಾಯಿ ಇಳಿದಿದೆ. ನಿಯಂತ್ರಣದಿಂದ ಏನೂ ಆಗಲ್ಲ ಅನ್ನೋರು ಇದನ್ನು ನೋಡಬೇಕು. ನಮ್ಮನ್ನೂ ಸೇರಿಸಿ.

ಆದರೆ ಆದೇಶದಲ್ಲಿ ದೊಡ್ಡದೊಂದು ಕಿಂಡಿ ಉಳಿಯಿತು. ಪ್ಯಾಕ್ ಇರಬೇಕು ಅಂತು, ಸಣ್ಣ ಪ್ಯಾಕ್ ಇರಬೇಕು ಅನ್ನಲಿಲ್ಲ, ದರದ ಮಾತೇ ಎತ್ತಲಿಲ್ಲ. ಹಾಗಾಗಿ ಆಗ ಈ ಎರಡು ಕಂಪನಿಗಳಿಂದ ಬಂದದ್ದು 84 ದಿನದ್ದು, ಇಲ್ಲವೇ ಹತ್ತಿರಹತ್ತಿರ ವರ್ಷದ್ದು. ಒಮ್ಮೆಗೇ 1,849 ಕಟ್ಟಬಲ್ಲವನಿಗೆ ದಿನಕ್ಕೆ ಐದು ರೂಪಾಯಿ. ಬೆಳೆ ಮಾರಿದಾಗ ಮಾತ್ರ ಕೈಯಲ್ಲಿ ದುಡ್ಡು ಕಾಣುವವನು 199 ಹಾಕಿಸಿದರೆ ದಿನಕ್ಕೆ ಏಳರ ಮೇಲೆ. ಇದ್ದವನಿಗೆ ರಿಯಾಯ್ತಿ, ಇಲ್ಲದವನಿಗೆ ಬೇಡದ ಡೇಟಾ.

ದರಕ್ಕೆ ಕೈ ಹಾಕದಿರುವ ಈ ನೀತಿಗೆ ಟ್ರಾಯ್ ಭಾಷೆಯಲ್ಲಿ ಫೋರ್‌ಬೇರನ್ಸ್ ಅಂತಾರೆ. ನಮ್ಮ ಇಂಗ್ಲಿಷ್ ಮೀಡಿಯಂ ತಲೆಗೂ ಹೊಳೆಯದೆ ನಿಘಂಟು ತೆಗೆದೆವು. ತಾಳ್ಮೆ, ಸಹನೆ ಅಂತಿತ್ತು. ತಾಳ್ಮೆ ಟ್ರಾಯ್‌ದು, ತಾಳಿಕೊಳ್ಳೋದು ಕಾಕಾ.

ಕಂಪನಿಗಳ ಕಡೆಯ ಮಾತೂ ಸುಳ್ಳಲ್ಲ. ಟವರಿಗೆ ಖರ್ಚಿದೆ, ಸ್ಪೆಕ್ಟ್ರಂ ಹರಾಜಿಗೆ ಸಾವಿರಾರು ಕೋಟಿ ಸುರಿದಿದ್ದಾರೆ, ದರ ತೀರಾ ಇಳಿದಾಗ ಎಷ್ಟೋ ಕಂಪನಿಗಳು ಮುಚ್ಚಿಹೋದವು. ಎಲ್ಲ ದರವನ್ನೂ ಸರ್ಕಾರವೇ ಬರೆಯಲಿ ಅಂತ ನಾವು ಕೇಳುತ್ತಿಲ್ಲ. ಸರ್ಕಾರದ ಕೈ ಎಲ್ಲೆಲ್ಲಿಗೋ ಚಾಚಿದರೆ ಏನಾಗುತ್ತದೆ ಅನ್ನೋದನ್ನೂ ನೋಡಿದ್ದೇವೆ. 2025ರ ನವೆಂಬರ್ ಕೊನೆಗೆ ಎಲ್ಲ ಹೊಸ ಫೋನಿನಲ್ಲೂ ಸಂಚಾರ್ ಸಾಥಿ ಆ್ಯಪ್ ಮೊದಲೇ ಇರಬೇಕು ಅಂತ ದೂರಸಂಪರ್ಕ ಇಲಾಖೆ ಆದೇಶಿಸಿತು, ಗಲಾಟೆಯಾಗಿ ಡಿಸೆಂಬರ್ 3ಕ್ಕೆ ಹಿಂದೆ ತಗೊಂಡಿತು. ಅದು ನಮ್ಮ ಜೇಬಿನೊಳಗೆ ಕೈ ಹಾಕುವ ನಿಯಮ. ನಾವು ಕೇಳುತ್ತಿರುವುದು ಅಂಗಡಿಯವನು ಅರ್ಧ ಕೆಜಿ ಸಕ್ಕರೆ ಕೇಳಿದವನಿಗೆ ಮೂಟೆ ಹೊರಿಸಬಾರದು ಅನ್ನೋ ನಿಯಮ. ಎರಡಕ್ಕೂ 'ಸರ್ಕಾರದ ಹಸ್ತಕ್ಷೇಪ' ಅಂತ ಒಂದೇ ಹಣೆಪಟ್ಟಿ ಹಚ್ಚಿ ಸ್ಪರ್ಧೆಯಲ್ಲಿ ಬಹುಮಾನ ಹೊಡೆದವರು ನಾವು.

ಕೇಳುತ್ತಿರುವುದೂ ಸ್ವಲ್ಪವೇ. ಡೇಟಾ ಇಲ್ಲದ ಪ್ಯಾಕ್ 28 ಅಥವಾ 30 ದಿನಕ್ಕೂ ಸಿಗಲಿ, ಅದಕ್ಕೊಂದು ದರದ ಮಿತಿ ಇರಲಿ. ಮಿತಿ ಹಾಕೋದು ಆಗದ ಮಾತಲ್ಲ, 2015ರಲ್ಲಿ ರೋಮಿಂಗ್ ದರಕ್ಕೆ ಇದೇ ಟ್ರಾಯ್ ಮಿತಿ ಹಾಕಿದೆ.

ಇನ್ನೊಂದು ಮಾತು ನಮಗೇ ಚುಚ್ಚಿದ್ದು. 2015ರಲ್ಲಿ ನೆಟ್ ನ್ಯೂಟ್ರಾಲಿಟಿ ಗಲಾಟೆಯಾದಾಗ ಟ್ರಾಯ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಹೋಗಿದ್ದವು. 2016ರ ಫೆಬ್ರವರಿ 8ರಂದು ಫ್ರೀ ಬೇಸಿಕ್ಸ್‌ನಂಥ ಸ್ಕೀಮುಗಳಿಗೆ ಬಾಗಿಲು ಹಾಕಿದ ಆದೇಶ ಬಂತು. ಇಂಟರ್ನೆಟ್ ಇದ್ದವರ ವಿಷಯ ಅದು, ಇದ್ದವರು ಬರೆದರು. ಡೇಟಾ ಇಲ್ಲದ ಪ್ಯಾಕಿನ ಬಗ್ಗೆ 2024ರ ಜುಲೈನಲ್ಲಿ ಟ್ರಾಯ್ ಅಭಿಪ್ರಾಯ ಕೇಳಿ ಪತ್ರ ಹೊರಡಿಸಿತ್ತು. ಕಂಪನಿಗಳು ತಮ್ಮ ವಾದ ಕಳಿಸಿದವು. ಕಾಕಾ ಇಮೇಲ್ ಮಾಡೋದು ಎಲ್ಲಿಂದ? ಅದನ್ನು ಓದಿ ಅರ್ಥ ಮಾಡಿಕೊಳ್ಳುವಷ್ಟು ಇಂಗ್ಲಿಷ್ ಕಲಿತ ನಾವು ಆಗ ರೀಲ್ಸ್ ನೋಡುತ್ತಿದ್ದೆವು. ಮುಂದಿನ ಪತ್ರ ಬಂದಾಗ ಈ ಕ್ಲಬ್ಬಿನಿಂದ ಒಂದು ಉತ್ತರ ಹೋಗಲಿ, ಕರಡು ಬರೆಯಲು ನಾವು ಮೂವರು ರೆಡಿ.

ಹೊರಡುವ ದಿನ ಕಾಕಾ 84 ದಿನದ್ದು ಹಾಕಿಸಿದರು. ವರ್ಷದ್ದು ಹಾಕ್ಸೋಣ ಅಂದ್ವಿ. "ಉಳ್ಳಾಗಡ್ಡಿ ಹೋತಲ್ಲೋ, ರೊಕ್ಕ ಎಲ್ಲೈತಿ" ಅಂದರು. ಮೂವರೂ ನಮ್ಮ ಫೋನಿನಲ್ಲಿ ರಿಮೈಂಡರ್ ಇಟ್ಟೆವು. ಕಾಕಾನಿಗೆ ಅದರ ಮೇಲೆ ನಂಬಿಕೆ ಇಲ್ಲ. ಮೋಟರ್ ಮನೆಯ ಗೋಡೆ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದ ಹಳೆ ತಾರೀಕುಗಳು, 28 ದಿನಕ್ಕೊಂದರಂತೆ, ಮೇಲಿಂದ ಕೆಳಗಿನವರೆಗೆ ತುಂಬಿದ್ದವು. ಹೊಸದನ್ನು ಬರೆಯಲು ಬಾಗಿಲ ಹಿಂದೆ ಜಾಗ ಹುಡುಕಿದರು.