ಖುತ್ಬಾ ಮುಗಿದ ಮೇಲೆ ಅವನು ಯಾವ ಬಾಗಿಲು ತಟ್ಟಬೇಕು?

ಕಳೆದ ಚಳಿಗಾಲದ ಒಂದು ಸಂಜೆ, ಮಗ್ರಿಬ್ ಅಝಾನ್ ಆದ ಸ್ವಲ್ಪ ಹೊತ್ತಿಗೆ ವಯಸ್ಸಾದ ತಾಯಿಯೊಬ್ಬರು ನನ್ನ ದವಾಖಾನೆಗೆ ಬಂದರು. ಸರದಿ ಬಂದರೂ ಒಳಗೆ ಬರಲಿಲ್ಲ. ಪರಿಚಯದ ಹೆಂಗಸರೆಲ್ಲ ಹೋಗುವ ತನಕ ಮೂಲೆಯ ಬೆಂಚಿನಲ್ಲಿ ಕಾದು ಕುಳಿತರು. ಕೊನೆಗೆ ಒಳಗೆ ಬಂದು, ಬುರ್ಖಾದೊಳಗಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು.

"ಡಾಕ್ಟರಮ್ಮಾ, ಇದನ್ನು ಚಹಾದಲ್ಲಿ ಗೊತ್ತಾಗದ ಹಾಗೆ ಬೆರೆಸಿ ಕೊಟ್ಟರೆ ಮಗ ಕುಡಿತ ಬಿಡುತ್ತಾನಂತೆ. ಯುನಾನಿ ಔಷಧಿಯಂತೆ. ಎಷ್ಟು ಚಮಚ ಹಾಕಲಿ?"

ಪೊಟ್ಟಣದ ಮೇಲೆ ಔಷಧಿಯ ಹೆಸರಿಲ್ಲ, ತಯಾರಿಸಿದವರ ಹೆಸರಿಲ್ಲ, ಪರವಾನಗಿ ಸಂಖ್ಯೆ ಇಲ್ಲ. "ಖಾಲಾ, ಇದನ್ನು ಕೊಡಬೇಡಿ. ಮಗ ಈಗ ಎಲ್ಲಿದ್ದಾನೆ?" ಎಂದು ಕೇಳಿದೆ.

"ಕೋಣೆಯಲ್ಲಿ ಹಾಕಿ ಬೀಗ ಹಾಕಿದ್ದೇವೆ. ಮೊನ್ನೆ ರಾತ್ರಿ ತೌಬಾ ಮಾಡಿದ. ಆಮೇಲೆ ಒಂದು ತೊಟ್ಟೂ ಮುಟ್ಟಿಲ್ಲ. ಆದರೆ ಕೈ ನಡುಗುತ್ತಿದೆ, ನಿದ್ದೆಯಿಲ್ಲ. ಗೋಡೆಯ ಮೇಲೆ ಏನೋ ಹರಿದಾಡುತ್ತಿದೆ ಎನ್ನುತ್ತಾನೆ."

ನಾನು ಎದ್ದು ನಿಂತೆ. ಆಟೋ ಕರೆಸಿ ಮಗನನ್ನು ಆಸ್ಪತ್ರೆಗೆ ಕಳುಹಿಸಿದೆವು. ದಾರಿಯಲ್ಲೇ ಅವನಿಗೆ ಫಿಟ್ಸ್ ಬಂತು. ಅಲ್‌ಹಮ್ದುಲಿಲ್ಲಾಹ್, ಬದುಕಿದ. 34 ವರ್ಷದ, ಟೈಲ್ಸ್ ಕೆಲಸದ ಆ ಯುವಕ ಹನ್ನೊಂದು ವರ್ಷಗಳಿಂದ ಕುಡಿಯುತ್ತಿದ್ದ. "ಇಷ್ಟು ವರ್ಷ ಯಾಕೆ ಎಲ್ಲೂ ತೋರಿಸಲಿಲ್ಲ?" ಎಂದು ಆ ತಾಯಿಯನ್ನು ಆಮೇಲೆ ಕೇಳಿದೆ. "ಮಗಳ ನಿಸ್ಬತ್ ಆಗಬೇಕಿತ್ತು ಡಾಕ್ಟರಮ್ಮಾ. ಜಮಾಅತ್‌ನವರಿಗೆ ತಿಳಿದರೆ?" ಎಂದರು.

ಓದುಗ ಸಹೋದರ ಸಹೋದರಿಯರೇ, ಈ ಲೇಖನ ಆ ಪ್ರಶ್ನೆಯ ಕುರಿತಾದದ್ದು.

ತೌಬಾ ಮನಸ್ಸಿಗೆ, ಚಿಕಿತ್ಸೆ ದೇಹಕ್ಕೆ

ಮದ್ಯ ಹರಾಮ್ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅದರಲ್ಲಿ ಚರ್ಚೆಯಿಲ್ಲ. ಆದರೆ ಹರಾಮ್ ಎಂದು ಗೊತ್ತಿದ್ದೂ ಬಿಡಲಾಗದೆ ನರಳುವವನಿಗೆ ಏನಾಗಿದೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ವರ್ಷಗಟ್ಟಲೆ ದಿನವೂ ಕುಡಿದವನ ಮೆದುಳು ಮದ್ಯದ ಮಂಪರಿಗೆ ಹೊಂದಿಕೊಂಡಿರುತ್ತದೆ. ಅದು ಒಮ್ಮೆಲೇ ನಿಂತಾಗ ನರಮಂಡಲ ಕೆರಳುತ್ತದೆ. ಕೊನೆಯ ಬಾರಿ ಕುಡಿದ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ವಾಂತಿ ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಭ್ರಮೆ, ಜ್ವರ, ದಿಕ್ಕುತೋಚದ ಸ್ಥಿತಿ ಉಂಟಾಗಬಹುದು. ಚಿಕಿತ್ಸೆ ಸಿಗದಿದ್ದರೆ ಇದು ಪ್ರಾಣವನ್ನೇ ತೆಗೆಯಬಲ್ಲದು. ಆಸ್ಪತ್ರೆಯಲ್ಲಿ ನರಗಳನ್ನು ಶಾಂತಗೊಳಿಸುವ ಔಷಧಿಯನ್ನು ಕ್ರಮೇಣ ಕಡಿಮೆ ಮಾಡುತ್ತಾ ಕೊಡುತ್ತಾರೆ. ಜೊತೆಗೆ ಬಿ1 ಜೀವಸತ್ವದ ಇಂಜೆಕ್ಷನ್ ನೀಡುತ್ತಾರೆ. ಆದ್ದರಿಂದ ಬಹುಕಾಲದಿಂದ ದಿನವೂ ಕುಡಿಯುವವನು "ಇಂದಿನಿಂದ ಬಿಟ್ಟೆ" ಎಂದರೆ ಸಂತೋಷಪಡಿ. ಆದರೆ ಬೀಗ ಹಾಕಬೇಡಿ, ವೈದ್ಯರ ಬಳಿಗೆ ಕರೆದೊಯ್ಯಿರಿ.

ಬ್ರೌನ್ ಶುಗರ್, ಅಫೀಮಿನ ವರ್ಗದ ನೋವಿನ ಮಾತ್ರೆ ಅಥವಾ ಕೆಮ್ಮಿನ ಸಿರಪ್‌ಗೆ ಅಂಟಿಕೊಂಡವರಲ್ಲಿ ಅಪಾಯ ಬೇರೆ ರೀತಿಯದು. ಬಿಟ್ಟಾಗಿನ ಮೈಕೈ ನೋವು, ಭೇದಿ ಅಸಹನೀಯವಾಗಿದ್ದರೂ ಸಾಮಾನ್ಯವಾಗಿ ಜೀವ ಹೋಗುವುದಿಲ್ಲ. ಆದರೆ ಕೆಲವು ವಾರ ಬಿಟ್ಟಿದ್ದು ಮತ್ತೆ ಹಳೆಯ ಪ್ರಮಾಣದಲ್ಲೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ದೇಹ ಆ ಪ್ರಮಾಣವನ್ನು ತಾಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. "ಒಂದು ತಿಂಗಳು ಊರಿಗೆ ಕಳುಹಿಸಿದ್ದೆವು, ಸರಿಹೋಗಿದ್ದಾನೆ" ಎಂದು ಮನೆಯವರು ನೆಮ್ಮದಿಯಿಂದಿರುವ ಹೊತ್ತಿನಲ್ಲೇ ಈ ಸಾವುಗಳಾಗುತ್ತವೆ.

ಯುನಾನಿ ವೈದ್ಯೆಯಾಗಿ ಒಂದು ಮಾತು

ಗುಟ್ಟಾಗಿ ಬೆರೆಸಿ ಕೊಡುವ ಪುಡಿಯಿಂದ ಚಟ ಬಿಡಿಸುತ್ತೇವೆ ಎನ್ನುವವರನ್ನು ನಂಬಬೇಡಿ, ಅವರ ಫಲಕದ ಮೇಲೆ ಯುನಾನಿ ಎಂದು ಬರೆದಿದ್ದರೂ ಸರಿ. ನಮ್ಮ ವೈದ್ಯಪದ್ಧತಿಯ ಹಳೆಯ ಕೆಲವು ಯೋಗಗಳಲ್ಲಿ ಅಫೀಮೇ ಇದೆ. ಹೆಸರಿಲ್ಲದ ಪೊಟ್ಟಣದಲ್ಲಿ ಏನಿದೆಯೆಂದು ಯಾರಿಗೆ ಗೊತ್ತು? ಆಧುನಿಕ ವೈದ್ಯರು ಕೊಡುವ ಡೈಸಲ್ಫಿರಾಮ್ ಎಂಬ ಮಾತ್ರೆಯನ್ನೂ ಕೆಲವರು ಸಾರಿನಲ್ಲಿ ಬೆರೆಸಿ ಕೊಡುತ್ತಾರೆ. ಅದರ ಮೇಲೆ ಮದ್ಯ ಸೇವಿಸಿದರೆ ರಕ್ತದೊತ್ತಡ ಕುಸಿದು ಹೃದಯಕ್ಕೇ ಅಪಾಯವಾಗಬಹುದು. ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದೇ ಕೊಡಬೇಕಾದ ಔಷಧಿ ಅದು.

ಹಾಗಾದರೆ ಯುನಾನಿಗೆ ಇಲ್ಲಿ ಪಾತ್ರವಿಲ್ಲವೇ? ಇದೆ. ಅದು ಆಸ್ಪತ್ರೆಯ ಹಂತ ದಾಟಿದ ಮೇಲೆ. ಅಸ್ಬಾಬೆ ಸಿತ್ತಾ ಝರೂರಿಯಾ, ಅಂದರೆ ಗಾಳಿ, ಆಹಾರ-ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ-ಎಚ್ಚರ, ದೇಹ ಉಳಿಸಿಕೊಳ್ಳಬೇಕಾದುದನ್ನು ಉಳಿಸಿ ಹೊರಹಾಕಬೇಕಾದುದನ್ನು ಹೊರಹಾಕುವುದು ಎಂಬ ಆರು ಅಗತ್ಯಗಳನ್ನು ನಮ್ಮ ವೈದ್ಯಪದ್ಧತಿ ಆರೋಗ್ಯದ ಬುನಾದಿ ಎನ್ನುತ್ತದೆ. ವ್ಯಸನ ಇವೆಲ್ಲವನ್ನೂ ಕೆಡಿಸಿರುತ್ತದೆ. ಹೊತ್ತಿಗೆ ಸರಿಯಾದ ಊಟ, ನಿದ್ದೆಯ ಶಿಸ್ತು, ಬೆಳಗಿನ ನಡಿಗೆ, ಹಳೆಯ ಸಂಗದಿಂದ ದೂರ: ಇವನ್ನು ಕಟ್ಟಿಕೊಡಲು ತಿಂಗಳುಗಳೇ ಬೇಕು. ಅದರಲ್ಲಿ ನಾನು ಮನೋವೈದ್ಯರ ಜೊತೆಗಾರಳೇ ಹೊರತು ಅವರಿಗೆ ಬದಲಿ ಅಲ್ಲ.

ಸೇವೆ ಇದೆ, ದಾರಿ ಇಲ್ಲ

2019ರಲ್ಲಿ ಕೇಂದ್ರ ಸರಕಾರ ಒಂದು ರಾಷ್ಟ್ರೀಯ ಸಮೀಕ್ಷೆಯ ವರದಿಯನ್ನು ಪ್ರಕಟಿಸಿತು. ಅದನ್ನು ನಡೆಸಿದ್ದು ದೆಹಲಿಯ ಏಮ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರ. ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ, ಅವರಲ್ಲಿ ಸುಮಾರು 5.7 ಕೋಟಿ ಜನರ ಕುಡಿತ ಆರೋಗ್ಯಕ್ಕೆ ಹಾನಿ ಮಾಡುವ ಅಥವಾ ಅವಲಂಬನೆಯ ಹಂತದಲ್ಲಿದೆ ಎಂದು ಅದು ಹೇಳಿತು. ನನ್ನನ್ನು ಹೆಚ್ಚು ಕಾಡಿದ್ದು ಅದರ ಇನ್ನೊಂದು ಅಂಕಿ. ಮದ್ಯದ ಅವಲಂಬನೆಯಿರುವ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮಂದಿ ಎಲ್ಲಿದ್ದಾರೆ? ಬೀಗ ಹಾಕಿದ ಕೋಣೆಗಳಲ್ಲಿ, ಗುಟ್ಟಿನ ಪೊಟ್ಟಣಗಳ ಮನೆಗಳಲ್ಲಿ.

ಚಿಕಿತ್ಸೆಯೇ ಇಲ್ಲವೆಂದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ವಿಭಾಗವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮಾನಸಿಕ ಆರೋಗ್ಯ ತಂಡ ಬರುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿಗೆ ಯಾವ ವಾರ ಬರುತ್ತದೆಂದು ಆಸ್ಪತ್ರೆಯಲ್ಲಿ ಕೇಳಿ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಎರಡೂ ಉಚಿತ.

ಪೊಲೀಸರ ಭಯವೂ ಹಲವರನ್ನು ತಡೆಯುತ್ತದೆ. ಮಾದಕ ವಸ್ತು ಕಾಯ್ದೆಯ 64ಎ ಕಲಮು, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮುಂದೆ ಬಂದು ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪೂರ್ಣಗೊಳಿಸಿದರೆ ಮೊಕದ್ದಮೆಯಿಂದ ವಿನಾಯಿತಿ ಕೊಡುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ವಿವರವನ್ನು ಗುಟ್ಟಾಗಿಡಬೇಕು ಎನ್ನುತ್ತದೆ. ಸರಪಳಿಯಲ್ಲಿ ಕಟ್ಟಿಹಾಕುವುದನ್ನು ನಿಷೇಧಿಸುತ್ತದೆ. ಹೊಡೆದು, ಕಟ್ಟಿಹಾಕಿ "ಸರಿಪಡಿಸುವ" ಕೇಂದ್ರಗಳಿಗೆ ಮಕ್ಕಳನ್ನು ಒಪ್ಪಿಸುವ ಮೊದಲು ಇದು ನೆನಪಿರಲಿ.

ಅಂದರೆ ಕೊರತೆಯಿರುವುದು ಮನೆಯಿಂದ ಆಸ್ಪತ್ರೆಯವರೆಗಿನ ದಾರಿಯಲ್ಲಿ. ಆ ದಾರಿಯನ್ನು ಮೊಹಲ್ಲಾದ ಮಸೀದಿ ತೆರೆಯಬೇಕು ಎಂಬುದು ನನ್ನ ಅಭಿಪ್ರಾಯ.

ಮಸೀದಿ ಕಮಿಟಿಗಳು ಏನು ಮಾಡಬಹುದು?

ಜುಮಾ ಖುತ್ಬಾದಲ್ಲಿ ಮಾದಕ ವಸ್ತುವಿನ ವಿರುದ್ಧ ಒಳ್ಳೆಯ ಮಾತುಗಳು ಬರುತ್ತವೆ. ಅದನ್ನು ಕೇಳಿ ಕಣ್ಣೀರಾಗುವ ಯುವಕ ಕೊನೆಯ ಸಾಲಿನಲ್ಲಿ ಕುಳಿತಿರುತ್ತಾನೆ. ನಮಾಝ್ ಮುಗಿದ ಮೇಲೆ ಅವನು ಯಾರ ಬಳಿ ಹೋಗಬೇಕು? ಮುತವಲ್ಲಿಯ ಬಳಿ ಹೋದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಗುವ ಭಯ. ಹಾಗಾಗಿ ನಾಲ್ಕು ಕೆಲಸಗಳನ್ನು ಸೂಚಿಸುತ್ತೇನೆ.

ಮೊದಲನೆಯದು, ಗುಟ್ಟು ಕಾಯುವ ಇಬ್ಬರು. ಒಬ್ಬ ಪುರುಷ, ಒಬ್ಬ ಮಹಿಳೆ. ಕಮಿಟಿಯ ಪದಾಧಿಕಾರಿಗಳಾಗಿರದಿದ್ದರೆ ಒಳ್ಳೆಯದು. ಜಿಲ್ಲಾ ಮಾನಸಿಕ ಆರೋಗ್ಯ ತಂಡದಿಂದ ಅವರಿಗೆ ತರಬೇತಿ ಕೊಡಿಸಿ. ಅವರ ದೂರವಾಣಿ ಸಂಖ್ಯೆ ಮಸೀದಿಯ ಫಲಕದಲ್ಲಿರಲಿ. ಬಂದವರ ಹೆಸರನ್ನು ಕಮಿಟಿಯೂ ಕೇಳಬಾರದು.

ಎರಡನೆಯದು, ಜೊತೆಗೆ ಹೋಗುವವರು ಮತ್ತು ಒಂದು ನಿಧಿ. ದಿನಗೂಲಿಯವನು ಹತ್ತು ದಿನ ಆಸ್ಪತ್ರೆಯಲ್ಲಿ ಮಲಗಿದರೆ ಮನೆಯ ಒಲೆ ಉರಿಯುವುದು ಹೇಗೆ? ಬಸ್ಸಿನ ಖರ್ಚು, ಜೊತೆಗಿರುವವರ ಊಟ, ಮನೆಗೆ ರೇಷನ್: ಬೇಕಾಗುವುದು ಇಷ್ಟೇ. ಝಕಾತ್‌ಗೆ ಅರ್ಹರು ಯಾರು, ಸದಕಾದಿಂದ ಕೊಡಬೇಕಾದುದು ಯಾರಿಗೆ ಎಂಬುದನ್ನು ಉಲಮಾಗಳು ಹೇಳಲಿ. ಇದು ಹೊಸ ಸಂಪ್ರದಾಯವೇನೂ ಅಲ್ಲ. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಬಿಮಾರಿಸ್ತಾನ್ ವಕ್ಫ್ ಆದಾಯದಿಂದಲೇ ನಡೆಯುತ್ತಿತ್ತು. ಮಾನಸಿಕ ರೋಗಿಗಳಿಗೂ ಅಲ್ಲಿ ಚಿಕಿತ್ಸೆ ಇತ್ತು.

ಮೂರನೆಯದು, ಮರಳಿ ಬಂದವನಿಗೆ ಆಸರೆ. ಆಸ್ಪತ್ರೆಯಿಂದ ಬಂದವನಿಗೆ ಮೊದಲ ಕೆಲವು ತಿಂಗಳು ಅತಿ ಕಷ್ಟದ ಕಾಲ. ನಮ್ಮ ರಾಜ್ಯದಲ್ಲೇ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರುಗಳಲ್ಲಿ ಮದ್ಯವರ್ಜನ ಶಿಬಿರ ನಡೆಸಿ, ಶಿಬಿರ ಮುಗಿಸಿದವರನ್ನು ನವಜೀವನ ಸಮಿತಿಗಳಲ್ಲಿ ಸೇರಿಸುತ್ತಾರೆ. ಒಬ್ಬರಿಗೊಬ್ಬರು ಕಾವಲಾಗಿರುವುದು ಅದರ ಉದ್ದೇಶ. ಒಳ್ಳೆಯದು ಎಲ್ಲಿದ್ದರೂ ಕಲಿಯೋಣ. ವಾರಕ್ಕೊಮ್ಮೆ ಇಶಾ ನಂತರ ಇಂಥವರು ಒಟ್ಟಿಗೆ ಕುಳಿತು ಮಾತಾಡಲು ಮದರಸದ ಒಂದು ಕೋಣೆ ಸಾಕು.

ನಾಲ್ಕನೆಯದು, ಮಕ್ಕಳ ಮೇಲೆ ಕಣ್ಣು. ಪಂಕ್ಚರ್ ಸೊಲ್ಯೂಷನ್, ವೈಟ್ನರ್, ಥಿನ್ನರ್‌ಗಳನ್ನು ಮೂಸುವ ಚಟ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಎಂದು ಅದೇ ಸಮೀಕ್ಷೆ ಕಂಡುಕೊಂಡಿದೆ. ಶಾಲೆ ಬಿಟ್ಟು ಗ್ಯಾರೇಜು ಸೇರಿದ ಹುಡುಗರು ನಮ್ಮ ಮೊಹಲ್ಲಾಗಳಲ್ಲಿ ಎಷ್ಟಿಲ್ಲ? ಅವರನ್ನು ಶಾಲೆಗೆ ಮರಳಿಸುವುದೂ, ಚೀಟಿಯಿಲ್ಲದೆ ಮಾತ್ರೆ ಕೊಡಬೇಡಿ ಎಂದು ಮೆಡಿಕಲ್ ಶಾಪಿನವರಿಗೆ ಹೇಳುವುದೂ ತಡೆಗಟ್ಟುವಿಕೆಯೇ.

ಎರಡು ಆಕ್ಷೇಪಗಳು

"ಹೀಗೆ ಮಾಡಿದರೆ ಪಾಪಕ್ಕೆ ಮೃದುವಾದಂತೆ ಆಗುವುದಿಲ್ಲವೇ?" ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದ್ದರು. ವ್ಯಸನಿಗಳ ಮದುವೆಗೆ ಜಮಾಅತ್ ಸಹಕರಿಸಬಾರದು ಎಂಬ ಮಾತೂ ಸಭೆಗಳಲ್ಲಿ ಕೇಳಿಬರುತ್ತದೆ. ಮಾರುವವನ ವಿಷಯದಲ್ಲಿ ಕಠಿಣವಾಗಿರಿ, ಪೊಲೀಸರಿಗೆ ತಿಳಿಸಿ. ಆದರೆ ಸೇವಿಸುವವನನ್ನು ಮಾರುವವನ ಸಾಲಿನಲ್ಲಿ ನಿಲ್ಲಿಸಿದರೆ ಅವನು ಇನ್ನೂ ಆಳಕ್ಕೆ ಅಡಗುತ್ತಾನೆ. ಮದ್ಯದ ನಿಷೇಧವೂ ಹಂತ ಹಂತವಾಗಿ ಬಂತು ಎಂಬುದನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಇಂದು ಕುಡಿಯಲು ಅದು ಅನುಮತಿಯಲ್ಲ. ಆದರೆ ಮನುಷ್ಯರನ್ನು ತಿದ್ದುವ ರೀತಿಯಲ್ಲಿ ಕರುಣೆ ಹೇಗಿರಬೇಕೆಂಬ ಪಾಠ ಅದರಲ್ಲಿದೆ.

ಎರಡನೆಯ ಆಕ್ಷೇಪ: "ಚಿಕಿತ್ಸೆ ಕೊಡಿಸಿದೆವು, ಮತ್ತೆ ಕುಡಿದ. ಇನ್ನು ಸಾಕು." ಸಕ್ಕರೆ ಕಾಯಿಲೆಯವರು ಮದುವೆ ಮನೆಯಲ್ಲಿ ಸಿಹಿ ತಿಂದು ಶುಗರ್ ಏರಿಸಿಕೊಂಡು ಬಂದಾಗ ನಾವು ಬಾಗಿಲು ಮುಚ್ಚುತ್ತೇವೆಯೇ? ಗದರಿಸಿ, ಮತ್ತೆ ಔಷಧಿ ಬರೆಯುತ್ತೇವೆ. ವ್ಯಸನದಲ್ಲೂ ಮರುಕಳಿಸುವಿಕೆ ಸಾಮಾನ್ಯ. ಅದು ಚಿಕಿತ್ಸೆ ಮುಂದುವರಿಸಬೇಕೆಂಬ ಸೂಚನೆ.

ಇನ್ನೊಂದು ಮಾತನ್ನು ತಾಯಂದಿರಿಗೆ ಹೇಳಲೇಬೇಕು. "ಮದುವೆ ಮಾಡಿದರೆ ಸರಿಹೋಗುತ್ತಾನೆ" ಎಂದು ದಯವಿಟ್ಟು ಎಣಿಸಬೇಡಿ. ಯಾರದೋ ಮಗಳು ನಿಮ್ಮ ಮಗನ ರೋಗಕ್ಕೆ ಔಷಧಿಯಲ್ಲ. ಹಾಗೆ ಬಂದ ಸೊಸೆಯಂದಿರು ಮುಖದ ಬಾವು ಮುಚ್ಚಿಕೊಂಡು ನನ್ನ ಬಳಿ ಬಂದಿದ್ದಾರೆ. ಮೊದಲು ಚಿಕಿತ್ಸೆ ಆಗಲಿ. ನಿಕಾಹ್ ಆಮೇಲೆ, ಅದೂ ಸತ್ಯ ಹೇಳಿ.

ಆ ಟೈಲ್ಸ್ ಕೆಲಸದ ಯುವಕ ಈಗ ತಿಂಗಳಿಗೊಮ್ಮೆ ಮನೋವೈದ್ಯರನ್ನು ಕಾಣುತ್ತಾನೆ. ನಡುವೆ ಒಮ್ಮೆ ಜಾರಿದ, ಮತ್ತೆ ಎದ್ದ. ತಂಗಿಯ ಮದುವೆ ನಡೆಯಿತು. ಹುಡುಗನ ಮನೆಯವರಿಗೆ ವಿಷಯ ಮೊದಲೇ ತಿಳಿಸಿದ್ದರು. ಅವರು ಬೇಡವೆನ್ನಲಿಲ್ಲ. ಹನ್ನೊಂದು ವರ್ಷ ಆ ಮನೆ ಹೆದರಿದ್ದು ಯಾರಿಗೆ ಎಂದು ನಾನು ಈಗಲೂ ಯೋಚಿಸುತ್ತೇನೆ. ನಮಗೇ ಅಲ್ಲವೇ?

ಮುಂದಿನ ಕಮಿಟಿ ಸಭೆಯಲ್ಲಿ ಫ್ಯಾನು, ಕಾರ್ಪೆಟ್‌ಗಳ ಲೆಕ್ಕದ ಜೊತೆಗೆ ಇದನ್ನೂ ಒಂದು ವಿಷಯವಾಗಿ ಇಡಿ. ನೊಂದು ಬಂದವರಿಗೆ ಹೆದರಿಕೆಯಿಲ್ಲದೆ ತಟ್ಟಬಹುದಾದ ಬಾಗಿಲಾಗುವ ಭಾಗ್ಯವನ್ನು ಅಲ್ಲಾಹನು ನಮ್ಮ ಮೊಹಲ್ಲಾಗಳಿಗೆ ಕರುಣಿಸಲಿ. ಆಮೀನ್.